ಇಪ್ಪತ್ಮೂರು ಕಂಪ್ಯೂಟರುಗಳ ಸಂಥೆ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಮನೆಯವರೆಲ್ಲ ಹೇಳುತ್ತಾರೆ. ಇರಲಿ. ಸಂಸ್ಕೃತ ಕಲಿಸಲೆಂದೇ ಸಂಬಳ ಪಡೆಯುವವನ ಮುಂದೆ ಒಂದು ನರಪಿಳ್ಳೆಯೂ ಕೂತಿಲ್ಲದಿದ್ದರೆ ಸಿಟ್ಟು ಇನ್ನೆಲ್ಲಿ ಹೋಗಿ ಕೂಡಬೇಕು? ಬೈಲಹೊಂಗಲದ ನಮ್ಮ ಹೈಸ್ಕೂಲಿಗೆ ನಾನು ಸೇರಿದಾಗ ತರಗತಿಯಲ್ಲಿ ಮೂವತ್ತು ಮಕ್ಕಳಿದ್ದರು. ವರ್ಷವರ್ಷಕ್ಕೂ ಕರಗಿ ಕರಗಿ ಕಡೆಗೆ ಒಬ್ಬಳೇ ಹುಡುಗಿ ಉಳಿದಳು. ಆಕೆಯೂ ಒಂದು ದಿನ, "ಸರ, ನಾ ಒಬ್ಬಾಕಿನ ಇದ್ರ ಎಲ್ಲಾ ಪ್ರಶ್ನಿ ನನಗ ಕೇಳ್ತೀರಿ," ಎಂದು ನ್ಯಾಯವಾದ ಕಾರಣ ಕೊಟ್ಟು ಹಿಂದಿ ತರಗತಿಗೆ ಹೋಗಿಬಿಟ್ಟಳು.

ನಮ್ಮಜ್ಜ ತೊರಗಲ್ಲಿನ ಮನೆಯ ಪಡಸಾಲೆಯಲ್ಲಿ ಕೂತು ಸಂಥೆ ಹೇಳುತ್ತಿದ್ದರು. ಸಂಥೆ ಎಂದರೆ ಗುರು ಒಂದು ಸಲ ಹೇಳುವುದು, ಶಿಷ್ಯರು ಅದನ್ನೇ ಎರಡು ಸಲ ಹೇಳುವುದು. ಮೊದಲು ಬಾಯಿಗೆ ಬರಬೇಕು, ಅರ್ಥ ಆಮೇಲೆ ಬಂದರೆ ಬಂತು. ಹದಿನೈದು ಹುಡುಗರು ಒಟ್ಟಿಗೆ ದನಿ ಎತ್ತಿದರೆ ಅಂಗಳದ ಆಕಳು ಮೇವು ಬಿಟ್ಟು ತಲೆ ಎತ್ತಿ ನೋಡುತ್ತಿತ್ತಂತೆ. ನನಗೂ ಆ ಭಾಗ್ಯ ಬೇಕಿತ್ತು. ಆಕಳು ನೋಡದಿದ್ದರೂ ಚಿಂತೆಯಿರಲಿಲ್ಲ, ಹುಡುಗರಾದರೂ ಇರಬೇಕಿತ್ತು.

ಹೀಗೆ ಖಾಲಿ ಬೆಂಚುಗಳನ್ನು ಬೈದುಕೊಳ್ಳುತ್ತ ಕೂತಿದ್ದಾಗ ಅಧ್ಯಕ್ಷರು ಕರೆಸಿದರು. ನಮ್ಮ ಶಿಕ್ಷಣ ಸಂಸ್ಥೆಗೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ಒಂದೊಂದು ಶಾಲೆ. ಅಧ್ಯಕ್ಷರು ದೊಡವಾಡದ ಕಡೆಯ ಒಕ್ಕಲುತನದವರು. ಸುತ್ತಿ ಬಳಸಿ ಮಾತಾಡುವುದು ಅವರಿಗೆ ಬಾರದು.

"ಆಚಾರ್ರ, ನಾಲ್ಕೂ ಸಾಲ್ಯಾಗ ಬ್ರೌಸರ್ ಹಳೇದಾಗೇತಿ. ಮಕ್ಕಳ ಮಾಹಿತಿ ತುಂಬೋ ಪುಟಾನ ತೆರೀವಲ್ದು. ಹೊಸಾದು ಹಾಕಿ, ಎಲ್ಲಾ ಕಡೆ ಒಂದ ನಮೂನಿ ಮಾಡಿಬಿಡ್ರಿ."

"ಸಾಹೇಬ್ರ, ನಾ ಸಂಸ್ಕೃತದವ ಇದ್ದೀನಿ."

"ಅದಕ್ಕ ನಿಮಗ ಹೇಳಾಕತ್ತೇನಿ. ಸಂಸ್ಕೃತಾನೂ ಯಾರಿಗೂ ತಿಳಿಯಂಗಿಲ್ಲ, ಕಂಪ್ಯೂಟರೂ ಯಾರಿಗೂ ತಿಳಿಯಂಗಿಲ್ಲ. ತಿಳೀಲಾರದ್ದನ್ನ ಕಲ್ತ ರೂಢಿ ನಿಮಗೈತಿ."

ಹದಿನೈದು ದಿನಗಳ ನಂತರ ಧಾರವಾಡದಿಂದ ನಿವೃತ್ತ ಪ್ರಾಧ್ಯಾಪಕರೊಬ್ಬರು ಬಂದು ನಾಲ್ಕೂ ಶಾಲೆ ನೋಡುತ್ತಾರೆ ಎಂದರು. ಅವರು ಮೆಚ್ಚಿದರೆ ನಾನು ನಾಲ್ಕೂ ಊರಿನ ಕಂಪ್ಯೂಟರ್ ಮಾಸ್ತರ. ಮೆಚ್ಚದಿದ್ದರೆ ಎಂ.ಕೆ. ಹುಬ್ಬಳ್ಳಿಯ ನಮ್ಮ ಹಾಸ್ಟೆಲ್ಲಿಗೆ ಹೋಗಿ ಉಗ್ರಾಣದ ಕೀಲಿ ಹಿಡಿದು ಕೂಡಬೇಕು. ಹೊರಗೆ ಕಬ್ಬಿನ ಲಾರಿಗಳ ಸದ್ದು, ಒಳಗೆ ಜೋಳದ ಚೀಲಗಳು. ಮಾಸ್ತರನಾಗಿ ಸಾಯಬೇಕೆಂದುಕೊಂಡವನಿಗೆ ಹುಳಬಿದ್ದ ಬೇಳೆ ಆರಿಸುವ ಪಾಳಿ!

ಅಂದೇ ಶಾಲೆಯ ಕಂಪ್ಯೂಟರ್ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ನಾನು ಹುಡುಕಿದ ಮೊದಲ ಮಾತು, "ಬ್ರೌಸರ್ ಎಂದರೇನು?" ನಾಚಿಕೆ ಬಿಟ್ಟು ಹೇಳುತ್ತೇನೆ, ಅಲ್ಲಿಯವರೆಗೆ ಅದನ್ನೇ ನಾನು ಇಂಟರ್‌ನೆಟ್ ಎಂದು ತಿಳಿದಿದ್ದೆ. ಒಂದು ಒಳ್ಳೆಯ ಪುಟ ಸಿಕ್ಕಿತು: ಅಂತರಜಾಲದ ಪುಟಗಳನ್ನು ತಂದು ನಮ್ಮ ಪರದೆಯ ಮೇಲೆ ತೋರಿಸುವ ತಂತ್ರಾಂಶವೇ ಬ್ರೌಸರ್. ಬ್ರೌಸರ್ ಎಂದರೆ ಅಂತರಜಾಲವಲ್ಲ, ಅಂತರಜಾಲಕ್ಕೊಂದು ಕಿಟಕಿ. ಹೆಚ್ಚಿನ ಮಾಹಿತಿಗೆ ಇಲ್ಲಿ ಒತ್ತಿ.

ಒತ್ತಿದೆ. ಒತ್ತುತ್ತ ಒತ್ತುತ್ತ ಹೋದಾಗ ಒಂದು ಮಹಾಮಂತ್ರ ಸಿಕ್ಕಿತು. ಸಂಸ್ಥೆಯ ಹೆಸರಿನಲ್ಲಿ ಒಂದು ಖಾತೆ ತೆರೆದು, ಎಲ್ಲ ಕಂಪ್ಯೂಟರುಗಳಲ್ಲೂ ಅದೇ ಖಾತೆಯಿಂದ ಬ್ರೌಸರಿನ ಒಳಹೊಕ್ಕರೆ, ಒಂದು ಕಡೆ ಮಾಡಿದ್ದು ಎಲ್ಲ ಕಡೆಯೂ ತಾನಾಗಿ ಬರುತ್ತದೆ! ನಾಲ್ಕೂ ಶಾಲೆಯ ಇಪ್ಪತ್ಮೂರು ಕಂಪ್ಯೂಟರಿಗೆ ಇಪ್ಪತ್ಮೂರು ಸಲ ಹೆಣಗುವ ಬದಲು ಒಂದೇ ಸಲ. ನನ್ನ ಬುದ್ಧಿಗೆ ನಾನೇ ತಲೆದೂಗಿದೆ. "ಒಂದು ಕಡೆ ಮಾಡಿದ್ದು ಎಲ್ಲ ಕಡೆಯೂ" ಎಂಬ ಮಾತು ಎಲ್ಲಿಯವರೆಗೆ ಹೋಗುತ್ತದೆ ಎಂದು ಮಾತ್ರ ಯೋಚಿಸಲಿಲ್ಲ.

ಬಸ್ಸು ಹಿಡಿದು ಊರೂರು ತಿರುಗಿದೆ. ಬ್ರೌಸರ್ ತೆರೆದ ಕೂಡಲೇ ಏನು ಕಾಣಬೇಕು ಎಂಬುದರ ಮೇಲೆ ದೊಡ್ಡ ಜಗಳ. ಕಿತ್ತೂರಿನವರಿಗೆ ತಮ್ಮ ಕೋಟೆ ಬೇಕು. ಸವದತ್ತಿಯವರಿಗೆ ಯಲ್ಲಮ್ಮನ ಗುಡ್ಡವೇ ಆಗಬೇಕು. ರಾಮದುರ್ಗದವರು, ಕೋಟೆಯೇ ಬೇಕಾದರೆ ತೊರಗಲ್ಲಿನದು ಹಾಕಿ, ಅದು ಇನ್ನೂ ಹಳೆಯದು ಎಂದರು. ಎಲ್ಲರಿಗೂ ಬಿಳಿ ಪುಟ ಹಾಕಿದೆ. ನಾಲ್ಕೂ ಊರಿನವರಿಗೆ ಸಮನಾಗಿ ಸಿಟ್ಟು ಬಂತು, ಎಲ್ಲ ಕಡೆ ಒಂದೇ ನಮೂನೆಯಾಯಿತು.

ಸವದತ್ತಿ ಶಾಲೆಯ ಹೆಡ್ ಕ್ಲಾರ್ಕ್ ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದ ಮನುಷ್ಯ. ನಾನು ಕೆಲಸ ಮಾಡುವಾಗ ಬೆನ್ನ ಹಿಂದೆಯೇ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಸರ, ಈ ಬ್ರೌಸರಿಗೂ ಇಂಟರ್‌ನೆಟ್ಟಿಗೂ ಏನ್ ಫರಕ್ ಐತ್ರಿ?"

ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಎನಿಸಿ ಪಿತ್ತ ನೆತ್ತಿಗೇರಿತು. "ಕೆಲಸದಾಗ ಇದ್ದಾಗ ಕೇಳಬ್ಯಾಡ್ರಿ!" ಎಂದು ಗದರಿದೆ. ಅವರು ಕುರ್ಚಿ ಎತ್ತಿಕೊಂಡು ತಮ್ಮ ಮೇಜಿಗೆ ಹೋದರು.

ಬೈಲಹೊಂಗಲಕ್ಕೆ ಮರಳಿ ವಾರವಾಗಿತ್ತು. ಒಂದು ಬೆಳಿಗ್ಗೆ ಅವರದೇ ಫೋನು.

"ಸರ, ಹೂರಣ ನೀರಾದ್ರ ಸ್ವಲ್ಪ ಹೊತ್ತು ಬಾಣಲ್ಯಾಗ ತಿರುವಬೇಕಂತ್ರಿ. ನಮ್ಮ ಮನ್ಯಾಗ ಕೇಳಿದೆ."

ನನಗೆ ಜೀವವೇ ಹಾರಿತು. ಹಿಂದಿನ ದಿನ ಹೆಂಡತಿ ಫೋನು ಮಾಡಿ ಕೇಳಿದ್ದಕ್ಕೆ ಶಾಲೆಯ ಕಂಪ್ಯೂಟರಿನಲ್ಲಿ ಹುಡುಕಿದ್ದೆ ನಿಜ. ಅದು ಈ ಮನುಷ್ಯನಿಗೆ ಹೇಗೆ ತಿಳಿಯಿತು?

"ನೀವು ಹುಡುಕಿದ್ದೆಲ್ಲಾ ಇಲ್ಲಿ ಕಾಣತೈತ್ರಲ್ಲ," ಎಂದರು ಅವರು, ಮಳೆ ಬಂತು ಎಂಬಷ್ಟು ಸಹಜವಾಗಿ.

ಫೋನಿಟ್ಟು ಬ್ರೌಸರಿನ ಇತಿಹಾಸ ತೆರೆದೆ. ಒಂದು ಕಡೆ ಹುಡುಕಿದ್ದು ಎಲ್ಲ ಕಡೆಯೂ ಬಂದಿತ್ತು, ಯಾವ ಊರಿನ ಕಂಪ್ಯೂಟರು ಎಂಬ ಗುರುತಿನ ಸಮೇತ. ಕಿತ್ತೂರಿನಲ್ಲಿ ಯಾರೋ "ಎಮ್ಮೆ ಮೂರು ದಿನದಿಂದ ಮುನಿಸಿಕೊಂಡಿದೆ" ಎಂದು ಹುಡುಕಿದ್ದರು. ರಾಮದುರ್ಗದಲ್ಲಿ ಯಾರೋ "ಸಭೆಯಲ್ಲಿ ಗೊರಕೆ ಬಾರದಂತೆ ನಿದ್ದೆ ಮಾಡುವುದು ಹೇಗೆ" ಎಂದು. ಪುಣ್ಯಕ್ಕೆ ಪಾಸ್‌ವರ್ಡ್ ಉಳಿಸುವುದನ್ನು ಮೊದಲೇ ಬಂದ್ ಮಾಡಿದ್ದೆ. ಆದರೆ ನನ್ನ ಮಾನ? "ಬ್ರೌಸರ್ ಎಂದರೇನು", "ಪರದೆ ತಲೆಕೆಳಗಾದರೆ ಏನು ಮಾಡಬೇಕು", "ಕಂಪ್ಯೂಟರ್ ಬರುತ್ತದೆ ಎಂದು ತೋರಿಸಿಕೊಳ್ಳುವುದು ಹೇಗೆ" ಎಲ್ಲವೂ, ಖಾತೆ ತೆರೆಯುವ ಮೊದಲು ಹುಡುಕಿದ್ದೂ ಸೇರಿ, ನಾಲ್ಕು ತಾಲೂಕಿಗೆ ಜಾಹೀರಾಗಿದ್ದವು. ಇನ್ನೂ ಹೊಟ್ಟೆ ಉರಿಸಿದ್ದೆಂದರೆ, ನಾನು ಒಮ್ಮೆ ತೆರೆದ ಪುಟಗಳನ್ನು ಸವದತ್ತಿಯವರು ಎರಡು ಸಲ ತೆರೆದಿದ್ದರು. ಕಿತ್ತೂರಿನವರೂ ಎರಡು ಸಲ. ರಾಮದುರ್ಗದವರೂ ಎರಡು ಸಲ. ಒಮ್ಮೆ ನಕ್ಕರೆ ಸಾಲದೆಂದು ಮತ್ತೆ ತೆರೆದು ನಗುತ್ತಿದ್ದಾರೆ ಎಂದುಕೊಂಡೆ.

ಇದನ್ನು ನಿಲ್ಲಿಸುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹುಡುಕಿದರೆ ಅದೂ ಎಲ್ಲರಿಗೂ ಕಾಣುತ್ತದೆ! ಎದ್ದು ಎರಡು ಸಲ ಅಂಗಳ ಸುತ್ತಿದೆ, ನೀರು ಕುಡಿದೆ. ಕಡೆಗೆ ದೇವರ ಮೇಲೆ ಭಾರ ಹಾಕಿ ಹುಡುಕಿದೆ: "ಎಲ್ಲರಿಗೂ ಕಾಣುವುದನ್ನು ಎಲ್ಲರಿಗೂ ಕಾಣದಂತೆ ಹುಡುಕುವುದು ಹೇಗೆ?" ಐದು ನಿಮಿಷಕ್ಕೆ ಸವದತ್ತಿಯಿಂದ ಫೋನು.

"ಸರ, ಬಂದ್ ಮಾಡಾಕತ್ತೀರೇನ್ರಿ?" ಎಂದರು ಹೆಡ್ ಕ್ಲಾರ್ಕ್. ದನಿಯಲ್ಲಿ ನಗು ಇರಲಿಲ್ಲ. ನಾನು ಫೋನು ಕಟ್ ಮಾಡಿದೆ.

ಖಾತೆಯ ಪಾಸ್‌ವರ್ಡ್ ಬದಲಿಸಿದರೆ ಎಲ್ಲ ಕಂಪ್ಯೂಟರುಗಳೂ ಅದರಿಂದ ಹೊರಬೀಳುತ್ತವೆ ಎಂದು ತಿಳಿಯಿತು. ಬದಲಿಸಿದೆ. ಊರೂರಿನ ನಂಟು ಕಡಿಯಿತು. ಅದಾದ ಎರಡು ದಿನಕ್ಕೆ ಪ್ರಾಧ್ಯಾಪಕರು ಬಂದರು.

ಅವರು ನಮ್ಮ ಶಾಲೆಯ ಕಂಪ್ಯೂಟರುಗಳನ್ನು ನೋಡಿ ಮುಗಿಸಿದ ಮೇಲೆ ಅಧ್ಯಕ್ಷರ ಜೀಪಿನಲ್ಲಿ ಹೊರಟೆವು. ಮುಂದೆ ಅವರಿಬ್ಬರು, ಹಿಂದೆ ನಾನು ಮತ್ತು ಒಂದು ಗೊಬ್ಬರದ ಚೀಲ. ಕಿತ್ತೂರಿನಲ್ಲಿ ಪ್ರಾಧ್ಯಾಪಕರು ಪ್ರತಿ ಕಂಪ್ಯೂಟರನ್ನೂ ತೆರೆದು ನೋಡಿದರು. ಹೊಸ ಬ್ರೌಸರ್ ಇತ್ತು, ಬೇಕಾದ ಪುಟಗಳು ಸಾಲಾಗಿದ್ದವು, ಮಕ್ಕಳ ಮಾಹಿತಿಯ ಪುಟ ತಟ್ಟನೆ ತೆರೆಯಿತು. ನಾನು ಉಸಿರು ಬಿಟ್ಟೆ.

"ಹಾಕಿದ್ದು ಸರಿ ಅದ," ಎಂದರು ಅವರು. "ಬಳಸೋರಿಗೆ ಏನರೆ ತಿಳೀತದೋ ಇಲ್ಲೋ? ಬ್ರೌಸರ್ ಅಂದ್ರೇನು, ಹೇಳ್ರಿ ನೋಡೋಣ."

ಬಿಟ್ಟ ಉಸಿರನ್ನು ಮತ್ತೆ ಎಳೆದುಕೊಂಡೆ. ನಾನು ಯಾರಿಗೂ ಏನೂ ಕಲಿಸಿರಲಿಲ್ಲ. ಕೇಳಿದವರಿಗೆಲ್ಲ ಗದರಿದ್ದೆ. ಉಗ್ರಾಣದ ಕೀಲಿ ಕಣ್ಣ ಮುಂದೆ ತೂಗಾಡಿತು.

ಕಿತ್ತೂರಿನ ಗುಮಾಸ್ತ ಎದ್ದು ನಿಂತು, ಕೈ ಕಟ್ಟಿ, ಕಣ್ಣು ಮುಚ್ಚಿ ಶುರುಮಾಡಿದ. "ಅಂತರಜಾಲದ ಪುಟಗಳನ್ನು ತಂದು ನಮ್ಮ ಪರದೆಯ ಮೇಲೆ ತೋರಿಸುವ ತಂತ್ರಾಂಶವೇ ಬ್ರೌಸರ್. ಬ್ರೌಸರ್ ಎಂದರೆ ಅಂತರಜಾಲವಲ್ಲ, ಅಂತರಜಾಲಕ್ಕೊಂದು ಕಿಟಕಿ. ಹೆಚ್ಚಿನ ಮಾಹಿತಿಗೆ ಇಲ್ಲಿ ಒತ್ತಿ."

ಪ್ರಾಧ್ಯಾಪಕರು ಕನ್ನಡಕ ತೆಗೆದು ಅವನನ್ನು ನೋಡಿದರು. ರಾಮದುರ್ಗದಲ್ಲಿ ಅದೇ ಪ್ರಶ್ನೆ ಕೇಳಿದರು. ಅಲ್ಲಿಯ ಮೂವರು ಒಟ್ಟಿಗೆ ಎದ್ದು ಒಂದಕ್ಷರ ಆಚೀಚೆ ಆಗದಂತೆ ಹೇಳಿ, ಕಡೆಗೆ "ಇಲ್ಲಿ ಒತ್ತಿ" ಎಂದು ಕೂತರು. ಕೊನೆಗೆ ಸವದತ್ತಿ. ಹೆಡ್ ಕ್ಲಾರ್ಕ್ ಬ್ರೌಸರನ್ನಷ್ಟೇ ಅಲ್ಲ, ಪರದೆ ತಲೆಕೆಳಗಾದರೆ ಏನು ಮಾಡಬೇಕೆಂಬುದನ್ನೂ ಕೇಳದೆಯೇ ಒಪ್ಪಿಸಿದರು. ಹೂರಣಕ್ಕೆ ಇಳಿಯುವುದರೊಳಗೆ ನಾನು ಕೆಮ್ಮಿದೆ.

"ಇದನ್ನ ನಿಮಗ ಕಲಿಸಿದವರು ಯಾರು?" ಪ್ರಾಧ್ಯಾಪಕರು ನಗು ತಡೆಯಲಾರದೆ ಕೇಳಿದರು.

"ಇವರ ರೀ, ನಮ್ಮ ಸರ," ಎಂದು ಹೆಡ್ ಕ್ಲಾರ್ಕ್ ನನ್ನ ಕಡೆ ಕೈ ಮಾಡಿದರು. "ನಮಗ ಕೇಳಾಕ ನಾಚಿಕಿ ಬರತಿತ್ರಿ. ಸರೂ ನಮ್ಮಂಗ ಗೊತ್ತಿಲ್ದ ಹುಡುಕಾಕತ್ತಾರ ಅಂತ ತಿಳಿದ ಮ್ಯಾಲ ಧೈರ್ಯ ಬಂತು. ಅವರು ಒಮ್ಮಿ ಓದಿದ್ದನ್ನ ನಾವು ಎರಡ ಸಲ ಓದತಿದ್ವಿ. ಒಂದ ಸಲಕ್ಕ ನಮ್ಮ ತಲ್ಯಾಗ ಇಳಿಯಂಗಿಲ್ರಿ." ಆಮೇಲೆ ನನ್ನತ್ತ ತಿರುಗಿ ದನಿ ತಗ್ಗಿಸಿದರು. "ಎರಡ ದಿನ ಆತು ಸರ, ಪಾಠ ಬರವಲ್ದು. ನಾವೇನರ ತಪ್ಪ ಮಾಡೇವೇನ್ರಿ?"

ಗುರು ಒಮ್ಮೆ, ಶಿಷ್ಯರು ಎರಡು ಸಲ. ಮೂರು ಊರುಗಳಲ್ಲಿ ನನ್ನ ಸಂಥೆ ನಡೆದಿತ್ತು. ನಗುತ್ತಿದ್ದಾರೆಂದು ತಿಳಿದು ನಾನೇ ಕೈಯಾರೆ ಅದನ್ನು ಮುಚ್ಚಿಬಿಟ್ಟಿದ್ದೆ. ನನಗೆ ಅಳು ಬಂತು. ಅಳು ಬಂದರೆ ಬೈಯುವುದು ನನ್ನ ರೂಢಿ.

"ಇಲ್ಲಿ ಒತ್ತಿ ಅನ್ನೋದನ್ನ ಬಾಯಿಪಾಠ ಮಾಡೋದಲ್ರೀ! ಒತ್ತಬೇಕು! ಅಷ್ಟೂ ತಿಳಿಯೂದಿಲ್ಲೇನು?" ಎಂದು ಗದರಿದೆ.

"ಹೂಂನ್ರಿ ಸರ," ಎಂದು ಆ ಹಿರಿಯ ಮನುಷ್ಯ ಕೈ ಕಟ್ಟಿ ನಿಂತರು.

ಮರಳುವಾಗ ಜೀಪಿನಲ್ಲಿ ಅಧ್ಯಕ್ಷರು ಹಿಂದೆ ತಿರುಗದೆಯೇ, "ಆಚಾರ್ರ, ಉಗ್ರಾಣಕ್ಕ ಬ್ಯಾರೇದವರನ್ನ ನೋಡತೇನಿ," ಎಂದರು. ನಾನು ಗೊಬ್ಬರದ ಚೀಲಕ್ಕೆ ಒರಗಿ ಕೂತು ಮುಂದಿನ ಪಾಠ ಏನೆಂದು ಯೋಚಿಸುತ್ತಿದ್ದೆ.

ಈಗ ಪ್ರತಿ ಕಂಪ್ಯೂಟರಿಗೂ ಬೇರೆ ಬೇರೆ ಖಾತೆ. ಯಾರ ಎಮ್ಮೆ ಮುನಿಸಿಕೊಂಡರೂ ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಬುಧವಾರ ಮಧ್ಯಾಹ್ನ ಮೂರಕ್ಕೆ ಮೂರೂ ಊರಿಗೆ ಒಟ್ಟಿಗೆ ಫೋನು ಹಚ್ಚಿ ಸ್ಪೀಕರ್ ಹಾಕುತ್ತೇನೆ. ನಾನು ಒಮ್ಮೆ ಹೇಳುತ್ತೇನೆ, ಅವರು ಎರಡು ಸಲ ಹೇಳುತ್ತಾರೆ. ಎಷ್ಟು ಬೈದರೂ ಕೊನೆಗೆ "ಇಲ್ಲಿ ಒತ್ತಿ" ಎನ್ನುವುದನ್ನು ಬಿಟ್ಟಿಲ್ಲ. ಅಷ್ಟೂ ದನಿ ಒಟ್ಟಿಗೆ ಎದ್ದಾಗ, ಎದುರಿನ ಕೋಣೆಯಲ್ಲಿ ಅವಲಕ್ಕಿ ತಿನ್ನುತ್ತ ಕೂತ ಅಧ್ಯಕ್ಷರು ತಿನ್ನುವುದನ್ನು ಬಿಟ್ಟು ತಲೆ ಎತ್ತಿ ನೋಡುತ್ತಾರೆ.