ಸೆರಗಿಗೆ ಎದ್ದ ಕೈ

ಹೋದ ವರ್ಷ ಮಗಳು ಸುವರ್ಣಾ ಚೊಚ್ಚಲ ಹೆರಿಗೆಗೆ ಔರಾದಿನಿಂದ ನಮ್ಮ ಹಲಬರ್ಗಾಕ್ಕೆ ಬರುವವಳಿದ್ದಳು. ಅದಕ್ಕೂ ಮೊದಲೇ ನಾನು ಬಚ್ಚಲಲ್ಲಿ ಜಾರಿ ಬಿದ್ದು ಬಲಭುಜಕ್ಕೆ ಪೆಟ್ಟು ಮಾಡಿಕೊಂಡಿದ್ದೆ. ಕೈ ಎದೆಯಿಂದ ಮೇಲೆ ಏಳುತ್ತಿರಲಿಲ್ಲ. ತಲೆಗೆ ಸೆರಗು ಹೊದೆಯಲೂ ಎಡಗೈಯೇ ಬೇಕು. ಹೀಗಾದರೆ ಕೂಸಿಗೆ ನೀರು ಎರೆಯುವವರು ಯಾರು ಎಂಬುದೊಂದೇ ನನ್ನ ಚಿಂತೆ.

ಎಣ್ಣೆ ತಿಕ್ಕಿದೆ, ಭಾಲ್ಕಿಯಲ್ಲಿ ಮಾತ್ರೆ ತಂದು ನುಂಗಿದೆ. ಕೊನೆಗೆ ಬೀದರಿನ ಡಾಕ್ಟರಮ್ಮ ಸ್ಕ್ಯಾನಿಂಗ್ ಮಾಡಿಸಿ, ಭುಜದೊಳಗೆ ಎಲುಬನ್ನು ಹಿಡಿದಿರುವ ಹುರಿಯಂಥದ್ದು ಸ್ವಲ್ಪ ಹರಿದಿದೆ ಎಂದರು. ನನ್ನ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಅದರೊಳಗಿನ ಹಳದಿ ನೀರನ್ನು ಹರಿದ ಜಾಗಕ್ಕೆ ಇಂಜೆಕ್ಷನ್ ಮಾಡುತ್ತಾರಂತೆ.

ರಕ್ತ ಎಂದದ್ದೇ ತಡ, ನಮ್ಮ ಯಜಮಾನರು ಅಂಗಿಯ ತೋಳು ಮೇಲೇರಿಸಿದರು. "ನಂದು ತಗೊಳ್ರಿ ಮೇಡಂ. ಆಕಿ ಮೊದಲೇ ಸೊರಗ್ಯಾಳ."

"ನಿಮ್ದು ನಡಿಯಲ್ರಿ ಅಜ್ಜಾರ. ಆಕಿದು ಆಕಿಗೇ ಬೇಕು."

"ಹಂಗಂದ್ರ ಮನಿ ಬೀಜ ಮನಿ ಹೊಲಕ್ಕ," ಎಂದು ಅವರು ತೋಳು ಇಳಿಸಿದರು.

ಡಾಕ್ಟರಮ್ಮ ನಕ್ಕರು. ಆದರೆ ಇದರಿಂದ ಎಲ್ಲರಿಗೂ ಗುಣವಾಗುತ್ತದೆಂದು ಹೇಳಲಾಗದು, ತಿಂಗಳುಗಟ್ಟಲೆ ಕಾಯಬೇಕು, ವ್ಯಾಯಾಮ ಬಿಡಬಾರದು ಎಂದೂ ಹೇಳಿದರು.

ಇಂಜೆಕ್ಷನ್ ಆದ ಮೇಲೆ ಕೆಲವು ದಿನ ನೋವು ಹೆಚ್ಚೇ ಆಯಿತು. ಆಮೇಲೆ ದಿನಾ ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ. ಅಷ್ಟರಲ್ಲಿ ಮೊಮ್ಮಗಳು ಹುಟ್ಟಿದಳು. ಎರೆಯಲು ಪಕ್ಕದ ಮನೆಯ ಶಾಂತಾಬಾಯಿ ಬರುತ್ತಿದ್ದಳು. ನಾನು ಟವೆಲು ಹಿಡಿದು ಬಚ್ಚಲ ಬಾಗಿಲಲ್ಲಿ ಕೂಡುತ್ತಿದ್ದೆ.

ಒಂದು ಮಧ್ಯಾಹ್ನ ಸುವರ್ಣಾಳ ಮಾವ, ನಮ್ಮ ಬೀಗರು, ಹೇಳದೆ ಕೇಳದೆ ಬಂದುಬಿಟ್ಟರು. ಕೂಸು ನನ್ನ ಎಡತೋಳಿನಲ್ಲಿ ನಿದ್ದೆ ಹೋಗಿತ್ತು. ಬಾಗಿಲಲ್ಲಿ ಅವರ ರುಮಾಲು ಕಂಡದ್ದೇ, ಬನ್ನಿ ಎಂದೆ. ನೀರಿನ ತಂಬಿಗೆ ತಂದ ಮಗಳು ಅಲ್ಲೇ ನಿಂತಳು.

"ಯವ್ವಾ, ಸೆರಗು ಯಾವ ಕೈಲಿಂದ ಹೊತ್ಕೊಂಡಿ?"

ನೋಡಿದರೆ ನನ್ನ ಬಲಗೈ ತಲೆಯ ಮೇಲಿತ್ತು. ಇಳಿಸಲು ಹೆದರಿಕೆ. ಇಳಿಸಿದರೆ ಮತ್ತೆ ಏಳದಿದ್ದರೆ?

"ಯಾಕ್ರಿ ಬೀಗ್ತೇರ, ತಲಿ ನೋಯ್ತದೇನ್ರಿ?" ಎಂದು ಬೀಗರು ಕೇಳಿದರು. ನನಗೆ ನಗು, ಅಳು ಎರಡೂ ಒಟ್ಟಿಗೇ ಬಂದವು.

ಮರುದಿನ ಶಾಂತಾಬಾಯಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು ನಾನೇ ಕೂಸಿಗೆ ಎರೆದೆ. ಗುಣ ಮಾಡಿದ್ದು ಇಂಜೆಕ್ಷನ್ನೋ, ಗೋಡೆಯೋ, ದಿನ ಕಳೆದದ್ದೋ, ಹೆಚ್ಚು ಓದದ ನನಗೆ ತಿಳಿಯದು. ಡಾಕ್ಟರಮ್ಮನೂ ಇಂಥದ್ದೇ ಎಂದು ಹೇಳಲಿಲ್ಲ. ಈಗ ಮೊಮ್ಮಗಳು ತೊಡೆಯ ಮೇಲೆ ಕೂತು ನನ್ನ ಸೆರಗು ಎಳೆದು ಕೆಡವುತ್ತಾಳೆ. ಬೈಯುವುದಿಲ್ಲ. ಅವಳು ಎಳೆದಷ್ಟು ಸಲವೂ ಬಲಗೈಯಿಂದಲೇ ಹೊದೆಯುತ್ತೇನೆ.