ಕೆಂಪು ಗೆರೆವರೆಗೆ ನೀರು

ನನ್ನ ಗಂಡ ಚಲುವರಾಜು ಮಳವಳ್ಳಿ ತಾಲ್ಲೂಕಿನ ನಮ್ಮೂರ ಕೆರೆಗೆ ನೀರುಗಂಟಿ. ತೂಬು ಎತ್ತಿ ಗದ್ದೆಗೆ ನೀರು ಬಿಡೋ ಕೆಲಸ. ಸಾಯೋ ಹಿಂದಿನ ದಿನ ಮಧ್ಯಾಹ್ನ ಮುದ್ದೆ, ಉಪ್ಸಾರು ಇಕ್ಕಿದ್ದೆ.

"ಖಾರ ಸಾಲ್ದು ಕಣಮ್ಮಿ" ಅಂದರು.

"ನಾಲಿಗೇಲೇ ಬೇಕಾದಷ್ಟೈತಲ್ಲ, ಅದ್ನೇ ಕಿವುಚ್ಕಳಿ" ಅಂದೆ.

ಮಗಳು ಶೋಭಿತಾ ನಕ್ಕಳು. ಮಂಡ್ಯದಲ್ಲಿ ಬಿ.ಎಸ್ಸಿ ಕೊನೇ ವರ್ಷ. ಮದ್ದೂರಲ್ಲಿ ಬಿ.ಎಡ್ ಮಾಡಿ ಟೀಚರಾಗ್ತೀನಿ ಅಂತಿದ್ದಳು.

ಮಾರನೇ ಬೆಳಿಗ್ಗೆ ತೂಬಿಗೆ ಅಂತರಗಂಗೆ ಕಟ್ಕೊಂಡಿತ್ತು. ನೀರಿನ ಮೇಲೆ ಚಾಪೆ ಹಾಸಿದಂಗೆ ಬೆಳೆಯೋ ಕಳೆ, ನೀಲಿ ಹೂವಿಂದು. ಕೀಳೋಕೆ ಇಳಿದರು. ಎದ್ದು ಬರಲಿಲ್ಲ. ಹೆಣ ಎತ್ತಿದಾಗಲೂ ಕಾಲಿಗೆ ಬೇರು ಸುತ್ತಿತ್ತು.

ಹನ್ನೊಂದನೇ ದಿನ ಮಗಳು, "ಟೀಚರ್ ಕೆಲ್ಸ ಬ್ಯಾಡ. ಆ ಗಿಡಾನೇ ಓದ್ತೀನಿ" ಅಂದಳು.

"ಅದ್ರ ವಂಸ ನಿರ್ವಂಸ ಮಾಡಾಕೆ ಓದು" ಅಂದೆ.

ಮೈಸೂರಲ್ಲಿ ಎಂ.ಎಸ್ಸಿ ಮುಗಿಸಿ, ಈಗ ನೀರಿನ ಗಿಡಗಳ ಮೇಲೆ ಪಿಎಚ್.ಡಿ.

ಹೋದ ವರ್ಷ ಅದನ್ನೇ ತಂದು ನಮ್ಮ ಹಿತ್ತಲಲ್ಲಿ ಮೂರು ತೊಟ್ಟೀಲಿ ಬಿಟ್ಟಳು. ಎರಡಕ್ಕೆ ಕೆರೆ ನೀರು, ಒಂದಕ್ಕೆ ಮಳೆ ನೀರು. ಒಳಗೆ ಕೆಂಪು ಗೆರೆ ಎಳೆದು, "ಅವ್ವ, ನೀರು ಇದಕ್ಕಿಂತ ಇಳೀಬಾರ್ದು" ಅಂದು ಬಸ್ಸು ಹತ್ತಿದಳು. ಗಂಡನ್ನ ತಿಂದ ಗಿಡಕ್ಕೆ ನಾನು ನೀರು ಹುಯ್ಯಬೇಕು! ಹುಯ್ದೆ, ಮೂರು ತಿಂಗಳು.

ಅವರಿಗೆ ಎಡೆ ಇಡೋ ದಿನ ನೋಡ್ತೀನಿ, ಎರಡು ತೊಟ್ಟಿ ತುಂಬ ಹೂವು. ಮೂರನೇದು ಹಳದಿ ತಿರುಗಿತ್ತು, ಅದರ ಕಡೆ ನೋಡಲಿಲ್ಲ. ಒಲೆ ಮೇಲೆ ಮುದ್ದೆಗೆ ಎಸರು ಕುದೀತಿತ್ತು. ತಂದು ಸುರಿದೆ. ಸಾಲಲಿಲ್ಲ. ಇನ್ನೆರಡು ಸಲ ಕಾಯಿಸಿ ಇನ್ನೆರಡಕ್ಕೂ ಸುರಿದೆ. ಹೊಟ್ಟೆ ತಣ್ಣಗಾಯ್ತು.

ಸಂಜೆ ಮಗಳು ಬಂದಳು. ಅಳಲಿಲ್ಲ.

"ನೀ ಬೇಯಿಸಿದ್ದು ನನ್ ಕೆಲ್ಸಾನ ಕಣವ್ವ. ಕೆರೇಲಿರೋದು ಗುಂಡುಕಲ್ಲಿನಂಗೈತೆ."

"ಸಾಯ್ಲಿ ಅಂತ..."

"ಮ್ಯಾಲಿನ ಗದ್ದೆ ಗೊಬ್ಬರ ಬಸಿದು ಕೆರೆಗೆ ಬತ್ತದಲ್ಲ, ಅದ್ನೇ ತಿಂದು ಕೊಬ್ಬೋದು. ಮಳೆ ನೀರಲ್ಲಿ ಸೊರಗ್ತಿತ್ತು. ಅದ್ರ ಅನ್ನ ಎಲ್ಲೈತೆ ಅಂತ ತೋರ್ಸೋಕೆ ಹೊರಟಿದ್ದೆ. ಅದ್ನೂ ಸುಟ್ಯಲ್ಲ."

ಮಾರನೇ ದಿನ ಮಂಕರಿ ಹಿಡ್ಕೊಂಡು ನಾನೇ ಕೆರೆಗೆ ಇಳಿದೆ. ಮೂರು ತೊಟ್ಟಿಗೂ ಹೊಸ ಅಂತರಗಂಗೆ ತಂದು ಬಿಟ್ಟೆ.

ಈಗ ಬೆಳಿಗ್ಗೆ ಎದ್ದು ಮೊದಲು ಮಳೆ ನೀರಿನ ತೊಟ್ಟಿ ಮುಂದೆ ಕುಕ್ಕರಗಾಲಲ್ಲಿ ಕೂತು ಹಳದಿ ಎಲೆ ಎಣಿಸ್ತೀನಿ. ಮಗಳಿಗೆ ಫೋನಲ್ಲಿ ಹೇಳ್ತೀನಿ. ಬೇಗ ಸಾಯಬ್ಯಾಡ, ನಿಧಾನಕ್ಕೆ ಸಾಯಿ ಅಂತ ಅದಕ್ಕೆ ಹೇಳ್ತೀನಿ. ಆಮೇಲೆ ಕೆಂಪು ಗೆರೆವರೆಗೆ ನೀರು ಹುಯ್ದು, ಒಳಗೆ ಹೋಗಿ ಎಸರಿಡ್ತೀನಿ.