ಮಹದೇವ ಹಿಡಿದ ಕೈ

“ಕೈ ಒಳೀಕೆ ಎಳ್ಕಳಿ ಸ್ವಾಮಿ, ಎದುರ್ಗೆ ಈರುಳ್ಳಿ ಲಾರಿ ಬತ್ತಾವೆ. ಇಲ್ಲೇ ಬುಟ್ಟೋಗೀರಿ ಕೈಯ!” ಎಂದು ಕಂಡಕ್ಟರ್ ಗದರಿದರು. ನನ್ನ ಪಕ್ಕದಲ್ಲಿದ್ದ ರವಿ ಕೈ ಒಳಗೆ ತಂದರೂ ಕಿಟಕಿಯ ಕಂಬಿ ಬಿಡಲಿಲ್ಲ.

ಅವರು ಬಾಂಬೆ ಕಡಲಿನ ಎಣ್ಣೆ ಬಾವಿಯಲ್ಲಿ ನನ್ನ ತಮ್ಮ ಮಹದೇವನ ಜೊತೆ ಕೆಲಸ ಮಾಡುತ್ತಿದ್ದವರು. ಇಬ್ಬರನ್ನೂ ಅಲ್ಲಿಗೆ ಕರೆದೊಯ್ಯುತ್ತಿದ್ದ ಹೆಲಿಕಾಪ್ಟರ್ ನೀರಿಗೆ ಬಿದ್ದಾಗ ರವಿ ಉಳಿದರು, ಮಹದೇವ ಉಳಿಯಲಿಲ್ಲ. ಹನ್ನೊಂದನೆಯ ದಿನದ ಕಾರ್ಯಕ್ಕೆಂದು ಬಂದ ಅವರನ್ನು ಗುಂಡ್ಲುಪೇಟೆಯಿಂದ ತೆರಕಣಾಂಬಿಗೆ, ನಮ್ಮ ಮನೆಗೆ ಕರೆದೊಯ್ಯುತ್ತಿದ್ದೆ.

“ಅಭ್ಯಾಸ ಅಕ್ಕ,” ಎಂದರು ರವಿ. “ನೀರಿಗೆ ಬಿದ್ದ ಕೂಡಲೇ ಹೆಲಿಕಾಪ್ಟರ್ ಮಗುಚಿಕೊಳ್ಳುತ್ತೆ, ಕಣ್ಣಿಗೆ ಏನೂ ಕಾಣಲ್ಲ. ಹೊರಗೆ ಬರೋ ದಾರಿ ಸಿಗಬೇಕಾದ್ರೆ ಬೀಳೋ ಮೊದಲೇ ಕಿಟಕಿ ಹಿಡಿದಿರಬೇಕು ಅಂತ ಎಲ್ಲರಿಗೂ ಕಲಿಸಿದ್ರು. ಅವತ್ತು ಭಯಕ್ಕೆ ನಾನು ಮರೆತೆ. ಪಕ್ಕದಲ್ಲಿದ್ದ ಮಹದೇವ ನನ್ನ ಕೈ ಎಳೆದು ಕಿಟಕಿ ಮೇಲಿಟ್ಟ. ‘ಬುಡಬ್ಯಾಡ ಕಣ್ಲಾ’ ಅಂದ.”

ಮನೆಯಲ್ಲಿ ಇದನ್ನು ಕೇಳಿದ ಅವ್ವ ಅಳಲಿಲ್ಲ. “ಯಾವ ಕೈ ಮಗಾ?” ಎಂದಷ್ಟೇ ಕೇಳಿದಳು. ರವಿ ಬಲಗೈ ಚಾಚಿದರು.

ಮಹದೇವನ ದೇಹ ನಮಗೆ ಸಿಗಲೇ ಇಲ್ಲ. ಅವನು ಕೊನೆಗೆ ಮುಟ್ಟಿದ್ದ ಆ ಕೈಯನ್ನು, ಎಡೆ ಇಡಲು ಕರೆಯುವವರೆಗೂ ಅವ್ವ ಬಿಡಲಿಲ್ಲ.